ಸಂಯಮದ ಗದ್ದ

ಬೊಲೋನಿಯಾ, ೧೬೮೩

ಆಗಸ್ಟ್ ೨೪, ಸಂತ ಬಾರ್ತೊಲೊಮಿಯೊ ಹಬ್ಬ

ಊರಿಗೆ ಊರೇ ಚೌಕದಲ್ಲಿದೆ. ಅರಮನೆಯ ಉಪ್ಪರಿಗೆಯಿಂದ ದೊಡ್ಡವರು ಸುಟ್ಟ ಹಂದಿಯನ್ನು ಕೆಳಗೆ ಎಸೆಯುತ್ತಾರೆ, ಅದಕ್ಕಾಗಿ ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ನನ್ನ ಗಂಡ ಒರಾಜಿಯೊ ಇದ್ದಾಗ ಪ್ರತಿ ವರ್ಷ ಹೋಗುತ್ತಿದ್ದೆವು. ಅವನಿಗೆ ಹಂದಿಯ ಮೇಲೆ ಆಸೆಯಿರಲಿಲ್ಲ. ಮೇಲಕ್ಕೆ ಕೈ ಚಾಚಿದ ಜನರ ತೋಳು, ಕುತ್ತಿಗೆ ನೋಡಲು ಹೋಗುತ್ತಿದ್ದ. ನನ್ನ ಪಾಲಿಗೆ ಬರುತ್ತಿದ್ದದ್ದು ಲಂಗದ ಮೇಲೆ ಒಂದಿಷ್ಟು ಕೊಬ್ಬಿನ ಕಲೆ. ಈ ವರ್ಷ ನಾನು ಮನೆಯಲ್ಲೇ ಉಳಿದೆ. ಕಲೆ ತೊಳೆಯುವ ಕೆಲಸ ತಪ್ಪಿತು ಎಂದು ಸಂತೋಷಪಡಬೇಕಿತ್ತು, ಆಗಲಿಲ್ಲ.

ಮಧ್ಯಾಹ್ನ ಫ್ಲಮಿನಿಯೊ ಬಂದ. ಒರಾಜಿಯೊನ ಹತ್ತಿರ ಬಣ್ಣ ಅರೆಯುವುದರಿಂದ ಶುರುಮಾಡಿ ಈಗ ಹೆಂಡತಿ ಮಕ್ಕಳೊಂದಿಗನಾದ ಶಿಷ್ಯ.

"ಅಮ್ಮಾ, ಚಿತ್ರಶಾಲೆ ಬೀಗದ ಕೈ ಕೊಡಿ."

"ಕಳೆದುಹೋಗಿದೆ."

"ನಿಮ್ಮ ಸೊಂಟದಲ್ಲೇ ನೇತಾಡ್ತಿದೆಯಲ್ಲ."

"ಅದು ಬೇರೆ ಬೀಗದ್ದು."

ಪಾಪ, ಅವನೇನು ತಪ್ಪು ಮಾಡಿದ್ದಾನೆ. ಪಾದ್ರಿಗಳ ಹೊಸ ಚರ್ಚಿನಲ್ಲಿ ಗುಮ್ಮಟದ ಕೆಳಗಿನ ನಾಲ್ಕು ಮೂಲೆಗೆ ನಾಲ್ಕು ಸದ್ಗುಣಗಳು, ನಾಲ್ಕು ಹೆಂಗಸರ ರೂಪದಲ್ಲಿ. ಕನ್ನಡಿ ಹಿಡಿದ ವಿವೇಕ, ತಕ್ಕಡಿ ಹಿಡಿದ ನ್ಯಾಯ, ಕಲ್ಲುಕಂಬ ತಬ್ಬಿದ ಸ್ಥೈರ್ಯ. ಈ ಮೂವರನ್ನು ಒರಾಜಿಯೊ ಗೋಡೆಗೇರಿಸಿದ. ನಾಲ್ಕನೆಯವಳು ಸಂಯಮ, ವೈನಿಗೆ ನೀರು ಬೆರೆಸುವವಳು. ಅವಳನ್ನು ಗೋಡೆಯ ಅಳತೆಗೆ ಹಾಳೆಯ ಮೇಲೆ ಬರೆದು ಮುಗಿಸಿ, ಮಾರ್ಚಿನಲ್ಲಿ ಜ್ವರ ಬಂದು ಹೋಗಿಬಿಟ್ಟ. ಆ ಹಾಳೆಯಿಲ್ಲದೆ ಫ್ಲಮಿನಿಯೊ ಏನೂ ಮಾಡುವಂತಿಲ್ಲ. ಬಣ್ಣ ಹಚ್ಚಬೇಕಾದ್ದು ಹಸಿ ಗಾರೆಯ ಮೇಲೆ, ಚಳಿ ಬಿದ್ದರೆ ಗಾರೆ ಮಾತು ಕೇಳುವುದಿಲ್ಲ.

ಊರಲ್ಲಿ ಇರುವವರನ್ನೆಲ್ಲ ಬರೆದ ನನ್ನ ಗಂಡ. ವಿವೇಕಕ್ಕೆ ಅವನ ತಂಗಿ ಒರ್ಸೊಲಾ ಕೂತಳು. ನ್ಯಾಯಕ್ಕೆ ಮೀನು ಮಾರುವವಳು. ಅವಳ ತಕ್ಕಡಿಯ ಕಥೆ ನನಗೆ ಗೊತ್ತು. ಸ್ಥೈರ್ಯಕ್ಕೆ ಮೂಟೆ ಹೊರುವ ಬಾಸ್ತಿಯಾನೊನ ಗಡ್ಡ ಬೋಳಿಸಿ ಲಂಗ ಉಡಿಸಿದರು. ನಮ್ಮ ಕಸುಬಿನಲ್ಲಿ ಹೀಗೆಯೇ. ಆದರೆ ನನ್ನನ್ನು ಮಾತ್ರ ಬರೆಯಲಿಲ್ಲ. ಮದುವೆಯಾದ ವರ್ಷವೇ ಕೇಳಿದ್ದೆ. "ನೀನು ಒಂದು ಗಳಿಗೆ ಸುಮ್ನೆ ಕೂರೋಳಲ್ಲ ಕಣೇ" ಎಂದಿದ್ದ. ಆಮೇಲೂ ಕೇಳಿದೆ, ಆಮೇಲೆ ಕೇಳುವುದು ಬಿಟ್ಟೆ. ಹಿತ್ತಲ ಗಿಡ ಮದ್ದಲ್ಲ.

ಆಗಸ್ಟ್ ೨೯

ಮೊದೆನಾದಿಂದ ಒಬ್ಬ ಚಿತ್ರಗಾರನನ್ನು ಕರೆಸುವ ಯೋಚನೆ ಮಾಡುತ್ತಿದ್ದಾರಂತೆ ಹಿರಿಯ ಪಾದ್ರಿಗಳು. ಮೊದೆನಾದವನೊಬ್ಬ ಬಂದು ನನ್ನ ಗಂಡನ ಮೂರು ಹೆಂಗಸರ ಪಕ್ಕದಲ್ಲಿ ತನ್ನವಳೊಬ್ಬಳನ್ನು ಕೂರಿಸುವುದೇ. ಅದಕ್ಕೇ ಇವತ್ತು ಬೀಗ ತೆಗೆದೆ, ಒಬ್ಬಳೇ.

ಒಳಗೆ ಅಂಟಿನ ವಾಸನೆ, ಸುಣ್ಣದ ವಾಸನೆ, ಅವನ ಬೆವರಿನ ವಾಸನೆಯೂ ಸ್ವಲ್ಪ ಉಳಿದಿತ್ತು. ಬಾಗಿಲಲ್ಲೇ ನಿಂತುಬಿಟ್ಟೆ. ಕಿಟಕಿಯ ಕೆಳಗೆ ನೆಲದ ಮೇಲೆ ಅವನ ಹಲಗೆ. ಆಯಸ್ಸೆಲ್ಲ ಸಾರುವೆಯ ಮೇಲೆ ತಲೆ ಎತ್ತಿ ಬಣ್ಣ ಬಳಿದು ಅವನ ಬೆನ್ನು ಕೆಟ್ಟಿತ್ತು. ಮಧ್ಯಾಹ್ನವಾದರೆ ಆ ಹಲಗೆಯ ಮೇಲೆ ಅಂಗಾತ ಮಲಗಲೇಬೇಕು. ನಾನು ಹೂಜಿ ಹಿಡಿದು ಬಂದು ಅವನ ತಲೆಯ ಹತ್ತಿರ ನಿಂತು ಅವನ ವೈನಿಗೆ ನೀರು ಸುರಿಯುತ್ತಿದ್ದೆ. ವೈದ್ಯರ ಅಪ್ಪಣೆ, ನೀರೇ ಹೆಚ್ಚಿರಬೇಕು.

"ಮುಳುಗಿಸ್ತಿದ್ದೀಯಲ್ಲೇ ಕಮಿಲ್ಲಾ, ಅದಕ್ಕೆ ಈಜು ಬರಲ್ಲ."

"ನಿನ್ನ ಹೊಟ್ಟೆಯೊಳಗೆ ಚೆನ್ನಾಗಿ ಈಜುತ್ತೆ, ಕುಡಿ."

ದಿನಾ ಇದೇ ಮಾತು, ದಿನಾ ನನ್ನ ಬೈಗುಳ. ಅವನು ಮಲಗಿದಲ್ಲೇ ಮೊಣಕಾಲಿಗೆ ಚೂರು ಹಾಳೆ ಆನಿಸಿ ಏನೋ ಗೀಚುತ್ತಿದ್ದ. ಏನದು ಎಂದರೆ "ತೊಲೆ ಬರೀತಿದ್ದೀನಿ" ಅನ್ನುತ್ತಿದ್ದ. ಅದೇ ಚೂರುಗಳಿಗೆ ಸಂಜೆ ಕುಂಚ ಒರೆಸಿ ಎಸೆಯುತ್ತಿದ್ದ. ಎಷ್ಟು ತೊಲೆ ಬರೆದನೋ ಪುಣ್ಯಾತ್ಮ. ಫ್ಲಮಿನಿಯೊ ಮೂಲೆಯಲ್ಲಿ ಬ್ರೆಡ್ಡು ತಿನ್ನುತ್ತಾ ನಗುತ್ತಿದ್ದ. ಆ ಮಧ್ಯಾಹ್ನಗಳಲ್ಲಿ ಒಂದೇ ಒಂದು ಮತ್ತೆ ಸಿಕ್ಕರೆ ನೀರು ಬೆರೆಸದೆ ಕೊಡುತ್ತೇನೆ.

ಸಂಯಮದ ಹಾಳೆ ಗೋಡೆಗೆ ಮುಖ ಮಾಡಿ ನಿಂತಿತ್ತು. ಅವನು ಬದುಕಿದ್ದಾಗಲೂ ಹಾಗೆಯೇ, ಮುಟ್ಟಬೇಡ ಎನ್ನುತ್ತಿದ್ದ. ತಿರುಗಿಸಿ ನೋಡಿದೆ.

ಚರ್ಚಿನ ನೆಲದಿಂದ ನೋಡುವವರಿಗೆ ಕಾಣಬೇಕಾದ ಹಾಗೆ, ಕೆಳಗಿನಿಂದ ಮೇಲಕ್ಕೆ ಬರೆದಿದ್ದಾನೆ. ಮೊದಲು ಗದ್ದ, ಆಮೇಲೆ ಮೂಗಿನ ಹೊಳ್ಳೆ, ಅದರಾಚೆ ಹುಬ್ಬು. ಗದ್ದದ ಅಡಿಯಲ್ಲಿ ಒಂದು ಮಚ್ಚೆ. ಮೂವತ್ತೋ ಐವತ್ತೋ ಹೇಳಲಾಗದ ಮುಖ. ಬಾಯಿ ಅರ್ಧ ತೆರೆದಿದೆ, ಏನೋ ಹೇಳುತ್ತಿರುವ ಹಾಗೆ. ಉಳಿದ ಮೂವರಿಗೆ ಇದ್ದಿಲಿನ ನಾಲ್ಕು ಗೆರೆ ಸಾಕಾಗಿತ್ತು. ಇವಳ ಕೆಳತುಟಿಗೆ ಬಿಳಿಯ ಒಂದು ಚುಕ್ಕೆ ಇಟ್ಟಿದ್ದಾನೆ, ಗದ್ದದ ನೆರಳನ್ನು ಬೆರಳಿನಿಂದ ಸವರಿ ಸವರಿ ಮೆತ್ತಗೆ ಮಾಡಿದ್ದಾನೆ. ನಾನು ಚಿತ್ರಗಾರನ ಮಗಳು, ಚಿತ್ರಗಾರನ ಹೆಂಡತಿ. ಪ್ರೀತಿಯಿಲ್ಲದೆ ಯಾವ ಗಂಡಸೂ ಒಂದು ಗದ್ದವನ್ನು ಹೀಗೆ ಬರೆಯುವುದಿಲ್ಲ.

ಯಾರಿವಳು?

ಸೆಪ್ಟೆಂಬರ್ ೧

ಯಾರಿವಳು? ಸಾರು ಉಕ್ಕಿ ಒಲೆ ಆರಿತು.

ಸೆಪ್ಟೆಂಬರ್ ೪

ಒರ್ಸೊಲಾ ಬಂದಳು. ವಿವೇಕಕ್ಕೆ ಕೂತಾಗಿನಿಂದ ತಾನೇ ವಿವೇಕ ಎಂದುಕೊಂಡಿದ್ದಾಳೆ.

"ಅಂತೂ ಬಾಗಿಲು ತೆಗೆದ್ಯಂತೆ ಅತ್ತಿಗೆ. ಅವಳನ್ನ ನೋಡಿದ್ಯಾ?"

"ನೋಡಿದೆ."

"ಹೇಗಿದಾಳೆ?"

"ಗದ್ದ ದೊಡ್ಡದು."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಣ್ಣನೂ ಅದನ್ನೇ ಹೇಳ್ತಿದ್ದ. ಆ ಗದ್ದದ ಕೆಳಗೇ ನನ್ನ ಆಯಸ್ಸು ಕಳೀತು ಅಂತ."

ನನ್ನ ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟೆ. "ನಿನಗೆ ಮೊದಲೇ ಗೊತ್ತಿತ್ತಾ?"

"ನನಗೊಬ್ಬಳಿಗಾ? ಫ್ಲಮಿನಿಯೊಗೆ ಗೊತ್ತು, ಗಾರೆಯವ್ರಿಗೆ ಗೊತ್ತು. ನಿನ್ನ ಕಿವಿಗೆ ಮಾತ್ರ ಹಾಕ್ಬೇಡಿ ಅಂದಿದ್ದ. ಚರ್ಚಲ್ಲಿ ಪರದೆ ತೆಗೆದ ದಿನ ತಲೆ ಎತ್ತಿ ಅವಳೇ ನೋಡ್ಲಿ, ಆಗ ಅವಳ ಮುಖ ನಾನು ನೋಡ್ಬೇಕು ಅಂತಿದ್ದ."

"ಎಂಥ ಗಂಡ" ಎಂದೆ.

"ಹೌದು ಕಣೆ, ನೀನು ಪುಣ್ಯವಂತೆ" ಎಂದು ನನ್ನ ಕೆನ್ನೆ ಮುಟ್ಟಿ ಹೋದಳು.

ನಾಚಿಕೆಯಿಲ್ಲದ ಜಾತಿ, ಅಣ್ಣನೂ ಹಾಗೆ ತಂಗಿಯೂ ಹಾಗೆ. ದೇವರ ಮನೆಯಲ್ಲಿ ತನ್ನವಳನ್ನು ಕೂರಿಸಿ, ಅದನ್ನು ಹೆಂಡತಿ ಕತ್ತೆತ್ತಿ ನೋಡಬೇಕಂತೆ. ಊರಿಗೆಲ್ಲ ಗೊತ್ತಿದ್ದದ್ದು ನನಗೊಬ್ಬಳಿಗೆ ಗೊತ್ತಿರಲಿಲ್ಲ. ದೀಪದ ಕೆಳಗೇ ಕತ್ತಲೆ.

ಸೆಪ್ಟೆಂಬರ್ ೯

ಯೋಚಿಸಿ ಯೋಚಿಸಿ ಒಂದು ಹೆಸರು ಹೊಳೆಯಿತು: ಜಿನೆವ್ರಾ, ಕಮಾನು ಬೀದಿಯ ವೈನಿನ ಅಂಗಡಿಯವಳು. ದಿನವಿಡೀ ಹೂಜಿ ಬಗ್ಗಿಸುವ ಹೆಂಗಸು. ನಮ್ಮ ಮನೆಯ ಪೀಪಾಯಿ ಅಲ್ಲಿಂದಲೇ ಬರುತ್ತಿತ್ತು, ತರಲು ಅವನೇ ಹೋಗುತ್ತಿದ್ದ, ಬೆನ್ನು ನೋವಿದ್ದರೂ.

ಹೋದೆ. ಆದರೆ ಗದ್ದವನ್ನು ಎದುರಿನಿಂದ ನೋಡಿದರೆ ಏನು ತಿಳಿಯುತ್ತದೆ? ಕೆಳಗಿನಿಂದ ನೋಡಬೇಕು. ಕರವಸ್ತ್ರ ಬೀಳಿಸಿ, ಎತ್ತಿಕೊಳ್ಳುವ ನೆಪದಲ್ಲಿ ಬಗ್ಗಿ, ಹೂಜಿ ಇಡುವ ಹಲಗೆಯ ಕೆಳಗಿನಿಂದ ಅವಳ ಮುಖ ನೋಡಿದೆ. ಎರಡು ಗದ್ದ. ಎರಡರ ನಡುವೆ ಮಚ್ಚೆಯಿದ್ದರೂ ಕಾಣುವಂತಿಲ್ಲ.

"ಏನಮ್ಮಾ, ಸೊಂಟ ಹಿಡ್ಕೊಂಡ್ತಾ?"

"ಇಲ್ಲ. ನಿನಗೆ ಮಚ್ಚೆ ಏನಾದ್ರೂ ಇದೆಯಾ?"

"ಇದೆ. ಎಲ್ಲಿ ಅಂತ ನನ್ನ ಗಂಡನ್ನೇ ಕೇಳ್ಬೇಕು ನೀವು" ಎಂದು ಜೋರಾಗಿ ನಕ್ಕಳು. ಕುಡಿಯುತ್ತಿದ್ದ ಇಬ್ಬರೂ ನಕ್ಕರು. ಆಮೇಲೆ ನನ್ನ ಮುಖ ನೋಡಿ ಸ್ವಲ್ಪ ತಣ್ಣಗಾದಳು. "ಒರಾಜಿಯೊ ಯಜಮಾನ್ರು ಒಂದು ದಿನವೂ ಇಲ್ಲಿ ಕೂತು ಕುಡೀಲಿಲ್ಲಮ್ಮ. ಒಂದು ಲೋಟ ತಗೊಳ್ಳಿ ಅಂದ್ರೆ, ಬೇಡ, ಇಲ್ಲಿ ಬೈಯೋರಿಲ್ಲ, ರುಚಿ ಇರಲ್ಲ ಅನ್ನೋರು."

ಅಂಗಡಿಯವರ ಮಾತು, ಗಿರಾಕಿಗೆ ಬೇಕಾದ ಹಾಗೆ ಬರುತ್ತದೆ. ಆದರೂ ಇವಳಲ್ಲ. ಇವಳಾಗಿದ್ದರೆ ಒಂದು ಹೆಸರಾದರೂ ಸಿಗುತ್ತಿತ್ತು, ರಾತ್ರಿ ನಿದ್ದೆ ಬರುತ್ತಿತ್ತು.

ಸೆಪ್ಟೆಂಬರ್ ೧೭

ಫ್ಲಮಿನಿಯೊ ನಾಳಿದ್ದು ಹಾಳೆ ತೆಗೆದುಕೊಂಡು ಹೋಗಬೇಕೆಂದು ಹೇಳಿಕಳುಹಿಸಿದ. ಗಾರೆಯವರು ಸಾರುವೆ ಕಟ್ಟಿಯಾಗಿದೆಯಂತೆ.

ಬೆಳಿಗ್ಗೆಯಿಂದ ಅವಳ ಮುಂದೆ ಕೂತಿದ್ದೆ. ಮದುವೆಯಾದ ಹೊಸದರಲ್ಲಿ ಒಂದು ತೋಟದ ಮನೆಯ ಚಾವಣಿ ಬಳಿಯಲು ಅವನು ಹೋಗಿದ್ದಾಗ ನಾನು ಬುತ್ತಿ ಕಟ್ಟಿಕೊಂಡು ಹೋಗಿದ್ದೆ. ಏಣಿ ಹತ್ತಿ ಸಾರುವೆಯ ಮೇಲೆ ಇಬ್ಬರೂ ಕಾಲು ಇಳಿಬಿಟ್ಟು ಕೂತು ಹಿಟ್ಟಿನ ಪುಟ್ಟ ಕಡುಬಿನ ಸಾರು ಕುಡಿದೆವು. ಅವನ ರೆಪ್ಪೆಯ ಮೇಲೆಲ್ಲ ನೀಲಿ. ನಾನು ನನ್ನ ಲಂಗದ ಅಂಚಿಗೆ ಉಗುಳು ಹಚ್ಚಿ ಒರೆಸಿದೆ. ಇಡೀ ಬೊಲೋನಿಯಾದಲ್ಲಿ ನನ್ನಷ್ಟು ಸುಖಿ ಯಾರೂ ಇಲ್ಲ ಎನ್ನಿಸಿತ್ತು ಆ ದಿನ. ಆ ದಿನವೂ ಸುಳ್ಳೇ ಆಗಿತ್ತೇ ಎಂದು ಈಗ ಕೇಳಿಕೊಳ್ಳಬೇಕಾಗಿದೆ. ಸತ್ತದ್ದಕ್ಕೆ ಅವನನ್ನು ಕ್ಷಮಿಸಿದ್ದೆ. ಇದನ್ನು ಕ್ಷಮಿಸಲಾರೆ.

ಅಡುಗೆಮನೆಯಿಂದ ಬ್ರೆಡ್ಡು ತಂದೆ. ಹೊರಗಿನ ಗಟ್ಟಿ ತೆಗೆದು ಒಳಗಿನ ಮೆತ್ತನೆಯದನ್ನು ಉಂಡೆ ಮಾಡಿದೆ. ಇದ್ದಿಲಿನ ಗೆರೆ ಅಳಿಸಲು ಇದಕ್ಕಿಂತ ಒಳ್ಳೆಯದಿಲ್ಲ, ಚಿಕ್ಕಂದಿನಲ್ಲಿ ಅಪ್ಪನಿಗೆ ಈ ಉಂಡೆ ಮಾಡಿಕೊಡುತ್ತಿದ್ದವಳು ನಾನೇ. ಮೊದಲು ಬಾಯಿ ಅಳಿಸಿದೆ. ಆಮೇಲೆ ಆ ಮಚ್ಚೆ. ಗದ್ದದ ನೆರಳು ಬೇಗ ಹೋಗಲಿಲ್ಲ, ಅವನು ಬೆರಳಿನಿಂದ ಹಾಳೆಯೊಳಕ್ಕೆ ಇಳಿಸಿಬಿಟ್ಟಿದ್ದ. ಹೋಗುವವರೆಗೂ ಉಜ್ಜಿದೆ. ಕಪ್ಪಾದ ಉಂಡೆಗಳನ್ನು ಕೋಳಿಗಳಿಗೆ ಹಾಕಿದೆ, ಅವೂ ಮೂಸಲಿಲ್ಲ.

ಸೆಪ್ಟೆಂಬರ್ ೧೮

ತೋಳು ನೋಯುತ್ತಿದೆ. ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ.

ಸೆಪ್ಟೆಂಬರ್ ೧೯

ಇದನ್ನು ಬರೆಯಲೋ ಬೇಡವೋ ಎಂದು ಬಹಳ ಹೊತ್ತು ಕೂತಿದ್ದೆ. ಬರೆಯುತ್ತೇನೆ.

ಫ್ಲಮಿನಿಯೊ ಬಂದು ಹಾಳೆಯ ಮುಂದೆ ನಿಂತ. ಕುತ್ತಿಗೆಯ ಮೇಲೆ ಬರೀ ಬೂದು ಕಲೆ.

"ಯಾರು ಮಾಡಿದ್ದಿದು?"

"ನಾನು."

"ಯಾಕಮ್ಮಾ?"

"ನನ್ನ ಮನೆ, ನನ್ನ ಬ್ರೆಡ್ಡು. ನೀವೆಲ್ಲ ಸೇರಿ ಅವಳನ್ನ ನನ್ನಿಂದ ಮುಚ್ಚಿಟ್ರಲ್ಲ, ಈಗ ನಾನೂ ಮುಚ್ಚಿದೆ."

ಅವನು ಹಾಳೆ ನೋಡಿದ, ನನ್ನನ್ನು ನೋಡಿದ. ಅವನ ಕಣ್ಣಲ್ಲಿ ನೀರು ಬಂತು. ಚಿತ್ರ ಹಾಳಾಯಿತೆಂದು ಅಳುತ್ತಿದ್ದಾನೆ ಎಂದುಕೊಂಡೆ. ಆಮೇಲೆ ಮೂಗು ಒರೆಸಿಕೊಂಡು ಹೇಳಿದ: "ಆ ಮೇಜಿನ ಪಕ್ಕ ಹೂಜಿ ಹಿಡ್ಕೊಂಡು ನಿಂತ್ಕೊಳ್ಳಿ."

"ನಾನಾ?"

"ಮುಖ ಬೇಕಲ್ಲಮ್ಮ. ಬಾಸ್ತಿಯಾನೊನ್ನ ಕರೆಸಿ ಮತ್ತೆ ಗಡ್ಡ ಬೋಳಿಸ್ಲಾ?"

ನಿಂತೆ. ತಪ್ಪು ಮಾಡಿದವಳು ನಾನು, ಇನ್ನೇನು ಹೇಳಲಿ. ಅವನು ಹೋಗಿ ಒರಾಜಿಯೊನ ಹಲಗೆಯ ಮೇಲೆ ಅಂಗಾತ ಮಲಗಿದ. ನನಗೆ ರೇಗಿತು.

"ಏಳು ಅಲ್ಲಿಂದ. ಅದು ಅವನ ಜಾಗ."

"ಇಲ್ಲಿಂದಲೇ ಆಗ್ಬೇಕು. ಬಗ್ಗಿ ಸುರೀರಿ. ಬೈತಾನೇ ಇರಿ, ಬಾಯಿ ಮುಚ್ಚಿದ್ರೆ ಹೊಂದಲ್ಲ."

ಬೈಗುಳಕ್ಕೇನು ಬರ. ಅವನ ಮೊಣಕಾಲಿನ ಮೇಲಿನ ಹಾಳೆ, ಒರಾಜಿಯೊನ ಸಾವು, ಮೊದೆನಾದ ಚಿತ್ರಗಾರ, ಒರ್ಸೊಲಾಳ ನಗು, ಎಲ್ಲವನ್ನೂ ಬೈದೆ. ಅವನು ಎದ್ದು ಹಾಳೆಯನ್ನು ನನ್ನ ಕೈಗಿಟ್ಟು ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತಾ ನಿಂತ.

ಅವಳೇ. ಅದೇ ಗದ್ದ, ಅದೇ ಅರ್ಧ ತೆರೆದ ಬಾಯಿ. ಗದ್ದದ ಕೆಳಗಿನ ಚರ್ಮ ಜೋತುಬಿದ್ದಿತ್ತು, ಅಷ್ಟೇ ವ್ಯತ್ಯಾಸ.

"ಈ ಮಚ್ಚೆ ಯಾಕೆ ಹಾಕಿದೆ?" ಅದರ ಮೇಲೆ ಬೆರಳಿಟ್ಟು ಕೇಳಿದೆ.

"ಇದೆಯಲ್ಲಮ್ಮ, ಅದಕ್ಕೆ."

"ನನಗೆ ಮಚ್ಚೆ ಇಲ್ಲ."

"ಕೆಳಗಿಂದ ನೋಡಿದೋರಿಗೆ ಇದೆ."

ಒರ್ಸೊಲಾ ವಿವೇಕವಾಗಿ ಹಿಡಿದು ಕೂತಿದ್ದ ಕನ್ನಡಿ ಗೂಡಿನಲ್ಲಿತ್ತು. ತೆಗೆದು ಗದ್ದದ ಕೆಳಗೆ ಹಿಡಿದೆ. ಇಷ್ಟು ವರ್ಷ ನಾನು ಹೊತ್ತು ತಿರುಗಿದ ಮುಖವನ್ನು ಮೊದಲ ಸಲ ಆ ಕಡೆಯಿಂದ ನೋಡಿದೆ.

ಹಲಗೆಯ ಮೇಲೆ ಕೂತು ಅತ್ತೆ. ಅವನು ಸತ್ತಾಗ ಹೀಗೆ ಅತ್ತಿರಲಿಲ್ಲ. ಫ್ಲಮಿನಿಯೊ ನನಗೆ ಒಂದು ಲೋಟ ವೈನು ತಂದುಕೊಟ್ಟ, ನೀರು ಬೆರೆಸಿರಲಿಲ್ಲ.

ಸೆಪ್ಟೆಂಬರ್ ೨೩

ಅವನು ಬರೆದ ನನ್ನ ಚಿತ್ರ ಅದೊಂದೇ ಇತ್ತು. ಅದನ್ನು ನಾನೇ ಕೋಳಿಗೆ ಹಾಕಿದೆ.

ಆದರೆ ನಿನ್ನದೂ ತಪ್ಪಿದೆ, ಒರಾಜಿಯೊ. ತೊಲೆ ಬರೀತೀನಿ ಎಂದೆಯಲ್ಲ. ಆ ಚೂರುಗಳಲ್ಲಿ ಒಂದನ್ನು ಒಂದು ದಿನ ತಿರುಗಿಸಿ ತೋರಿಸಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಅಚ್ಚರಿಪಡಿಸಬೇಕಿತ್ತಂತೆ. ಪಡಿಸಿದೆ, ಹೋಗು.

ಅಕ್ಟೋಬರ್ ೬

ಹಿರಿಯ ಪಾದ್ರಿಗಳು ಹಾಳೆ ನೋಡಲು ಮನೆಗೇ ಬಂದರು. ಫ್ಲಮಿನಿಯೊ ಹೊಸ ಮುಖವನ್ನು ದೊಡ್ಡದಾಗಿ ಕುತ್ತಿಗೆಯ ಮೇಲೆ ಕೂರಿಸಿದ್ದ. ಪಾದ್ರಿಗಳು ಕೈಗಳನ್ನು ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನೋಡಿದರು.

"ಸ್ವಲ್ಪ ವಯಸ್ಸಾಗಿಲ್ವೇನಪ್ಪಾ ಈಕೆಗೆ? ಸದ್ಗುಣಗಳು ಯಾವಾಗ್ಲೂ ತರುಣಿಯರು. ಶಾಸ್ತ್ರ ಹಾಗಿದೆ."

ಫ್ಲಮಿನಿಯೊ ನನ್ನ ಕಡೆ ನೋಡಿದ. ಚಿತ್ರಕ್ಕೆ ನಿಂತವಳು ನಾನೇ ಎಂದು ಅವರಿಗೆ ಗೊತ್ತಾಗಲಿಲ್ಲ; ಎದುರಿನಿಂದ ನೋಡಿದರೆ ಯಾರಿಗೆ ತಿಳಿಯುತ್ತದೆ.

"ಸ್ವಾಮಿ, ಇಪ್ಪತ್ತರ ಹುಡುಗಿಗೆ ಸಂಯಮ ಎಲ್ಲಿಂದ ಬರುತ್ತೆ? ನಿಮಗೆ ಬಂದಿತ್ತಾ?" ಎಂದೆ.

ಅವರಿಗೆ ನಗು ತಡೆಯಲಾಗಲಿಲ್ಲ. ಇರಲಿ ಬಿಡಿ ಎಂದು ಹೋದರು. ಕೆನ್ನೆ ತುಂಬಿಸಿ ಮೊದಲಿನ ಹಾಗೆ ಮಾಡಲೇ ಎಂದು ಆಮೇಲೆ ಫ್ಲಮಿನಿಯೊ ಕೇಳಿದ, ನೆನಪಿನಿಂದ ಆಗುತ್ತದಂತೆ. ಬೇಡ ಎಂದೆ. ಮೊದಲಿನದು ಬರೆಯುವ ಕೈ ಒಂದೇ ಇತ್ತು.

ಅಕ್ಟೋಬರ್ ೧೩

ಗೆರೆಗಳ ಮೇಲೆ ಸೂಜಿ ಚುಚ್ಚುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ. ತೂತುಗಳ ಮೇಲೆ ಇದ್ದಿಲು ಪುಡಿಯ ಗಂಟು ತಟ್ಟಿದರೆ ಗೋಡೆಯ ಮೇಲೆ ಚುಕ್ಕಿ ಮೂಡುತ್ತದೆ, ಆ ಚುಕ್ಕಿ ಹಿಡಿದು ಬಣ್ಣ. ಆಮೇಲೆ ಹಾಳೆ ದಿನದಿನದ ಗಾರೆಗೆ ತಕ್ಕಂತೆ ಚೂರು ಚೂರಾಗಿ ಕತ್ತರಿಸಿ ಹೋಗುತ್ತದೆ. ಕೆಳಗೆ ಇನ್ನೊಂದು ಹಾಳೆ ಇಟ್ಟು ಚುಚ್ಚಿ, ಅದು ಗೋಡೆಗೆ ಹೋಗಲಿ, ಇದನ್ನು ನೀವೇ ಇಟ್ಟುಕೊಳ್ಳಿ ಎಂದ ಫ್ಲಮಿನಿಯೊ. ಬೇಡ ಎಂದೆ. ನಿನ್ನ ಹಾಳೆಗಳೆಲ್ಲ ಗೋಡೆಗೆ ಹೋದವು, ಒರಾಜಿಯೊ, ಇದೂ ಹೋಗಲಿ.

ಹೂಜಿ ಹಿಡಿದ ಕೈಗಳನ್ನು ಚುಚ್ಚುವಾಗ ನಿಂತುಬಿಟ್ಟೆ. ಆ ಕೈಗಳು ನೀನು ಬರೆದವೇ, ನಾನು ಮುಟ್ಟಿರಲಿಲ್ಲ. ಬಲಗೈ ಹೆಬ್ಬೆರಳು ಹೊರಕ್ಕೆ ಡೊಂಕು, ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿದ್ದು. ಉಂಗುರದ ಬೆರಳಿನ ಮೇಲೆ ಸುಟ್ಟ ಗುರುತು. ಎಷ್ಟು ದಿನ ಇದರ ಮುಂದೆ ಕೂತಿದ್ದೆ, ಒಂದು ಸಲವಾದರೂ ಕಣ್ಣು ಗದ್ದದಿಂದ ಕೆಳಗಿಳಿಯಲಿಲ್ಲ. ಮತ್ತೆ ಸೂಜಿ ಎತ್ತಿಕೊಂಡೆ. ಹೆಬ್ಬೆರಳಿನ ಸುತ್ತ ಹತ್ತಿರ ಹತ್ತಿರ ಚುಚ್ಚಿದೆ, ಡೊಂಕು ತಪ್ಪದ ಹಾಗೆ.

ನವೆಂಬರ್ ೧, ಸಕಲ ಸಂತರ ಹಬ್ಬ

ಪರದೆ ತೆಗೆದರು. ಜನ ಕತ್ತೆತ್ತಿ ನೋಡಿದರು, ಮೀನಿನವಳು ತನ್ನನ್ನು ತಾನು ನೋಡಿಕೊಂಡು ಶಿಲುಬೆ ಗುರುತು ಮಾಡಿಕೊಂಡಳು. ಒರ್ಸೊಲಾ ನನ್ನ ಪಕ್ಕೆಗೆ ತಿವಿದು, "ಏನೇ, ನಿನ್ನ ಮುಖ ಮುದಿ ಮಾಡಿಬಿಟ್ಟಿದ್ದಾನಲ್ಲ ಫ್ಲಮಿನಿಯೊ" ಎಂದಳು. ನಡೆದದ್ದನ್ನು ಅವಳಿಗೆ ಹೇಳಿಲ್ಲ. ಹೇಳಿದರೆ ಮುಂದಿನ ಹಬ್ಬದವರೆಗೆ ನಗುತ್ತಾಳೆ.

ಪೂಜೆ ಮುಗಿದು ಎಲ್ಲರೂ ಊಟಕ್ಕೆ ಹೋದ ಮೇಲೆ ನಾನು ಉಳಿದೆ. ನಿಂತು ನೋಡಿದೆ, ಚೆನ್ನಾಗಿದೆ ಅನ್ನಿಸಿತು, ಅಷ್ಟೇ. ಹೊರಡಬೇಕೆಂದಿದ್ದವಳು ಸುತ್ತ ಯಾರೂ ಇಲ್ಲದ್ದನ್ನು ನೋಡಿ ಲಂಗ ಒತ್ತರಿಸಿಕೊಂಡು ಮೆಲ್ಲಗೆ ನೆಲಕ್ಕಿಳಿದೆ. ಮಂಡಿ ಊರಿ, ಮೊಣಕೈ ಊರಿ, ಕೊನೆಗೆ ಅಂಗಾತ ಮಲಗಿದೆ. ಕಲ್ಲು ತಣ್ಣಗಿತ್ತು. ಬೆನ್ನು ನೆಟ್ಟಗಾಗಿ ಹಾಯೆನಿಸಿತು. ನಿನಗೂ ಹೀಗೆಯೇ ಅನ್ನಿಸುತ್ತಿತ್ತೇನೋ.

ಮೇಲಿನಿಂದ ಒಬ್ಬಳು ನನ್ನ ಮೇಲೆ ಬಗ್ಗಿದಳು. ಅವಳ ಹಿಂದೆ ಬೆಳಕಿತ್ತು. ಬಾಯಿ ಬೈಯುತ್ತಿತ್ತು, ಕೈ ಎರೆಯುತ್ತಿತ್ತು. ಅವಳು ಸುಂದರಿಯಾಗಿದ್ದಳು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಸುಂದರಿಯಾಗಿದ್ದಳು. ಪ್ರತಿ ಮಧ್ಯಾಹ್ನ ನೀನು ನೋಡುತ್ತಿದ್ದದ್ದು ಇವಳನ್ನೇ.

ಗುಡಿಸಲು ಬಂದ ಚರ್ಚಿನ ಆಳು ಪೊರಕೆ ಬಿಟ್ಟು ಓಡಿ ಬಂದ.

"ಅಯ್ಯೋ ಅಜ್ಜಿ, ಬಿದ್ರಾ? ಎಲ್ಲಿ ಪೆಟ್ಟಾಯ್ತು?"

"ಪೆಟ್ಟೇನಿಲ್ಲಪ್ಪ. ಸ್ವಲ್ಪ ಹೊತ್ತು ಬಿಡು."

ಅವನು ಮೇಲೆ ನೋಡಿದ, ನನ್ನನ್ನು ನೋಡಿದ, ಮತ್ತೆ ಮೇಲೆ ನೋಡಿದ.

"ಅಲ್ಲಿರೋರು ನಿಮ್ಮೋರಾ?"

"ನಾನೇ" ಎಂದೆ.